ಐವತ್ತರ ಮೇಲೆ ಹೊಸ ಕಾಯಕ

ಕೆಲವು ತಿಂಗಳ ಹಿಂದಿನ ಮಾತು. ಅಮಾವಾಸ್ಯೆಯಂದು ನಮ್ಮ ಮಠದಲ್ಲಿ ನಡೆಯುವ ಶಿವಾನುಭವಗೋಷ್ಠಿ ಮುಗಿದು, ಎಲ್ಲರ ಪ್ರಸಾದವಾದ ತರುವಾಯ, ಭಕ್ತರೊಬ್ಬರು ನನಗಾಗಿ ಅಂಗಳದ ಕಂಬದ ಬಳಿ ಕಾದು ನಿಂತಿದ್ದರು. ಅಂದಿನ ವಿಷಯ ಕಾಯಕತತ್ತ್ವ, ಮಾತನಾಡಿದವನು ನಾನೇ. ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂದು ಮುಕ್ಕಾಲು ಗಂಟೆಯ ಹೊತ್ತು ನಿರರ್ಗಳವಾಗಿ ನುಡಿದು, ಕೇಳಿದವರು ತಲೆದೂಗಿದುದನ್ನು ಕಂಡು ಸಂತುಷ್ಟನಾಗಿದ್ದೆ.

ಕಾದು ನಿಂತವರು ಪೇಟೆಯ ಸಗಟು ಕಿರಾಣಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಕಿರ್ದಿ ಖತಾವಣಿ ಬರೆದ ಗುಮಾಸ್ತರು. 2017ರ ಜುಲೈ ತಿಂಗಳಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಅಂಗಡಿಯ ಲೆಕ್ಕವು ಗಣಕಯಂತ್ರವನ್ನೇರಿತು. ಅನಂತರವೂ ಕೆಲವು ವರ್ಷ ಧಣಿಗಳ ದಾಕ್ಷಿಣ್ಯದಿಂದ ಇವರ ಕೆಲಸ ಹೇಗೋ ನಡೆಯಿತು. ಧಣಿಗಳು ಲಿಂಗೈಕ್ಯರಾಗಲು ಅವರ ಮಕ್ಕಳು ಅಂಗಡಿಯನ್ನೇ ಮುಚ್ಚಿದರು. ಮನೆಯಲ್ಲಿ ಇವರ ಧರ್ಮಪತ್ನಿಯು ಜೋಳದ ರೊಟ್ಟಿ ಬಡಿದು ನೆರೆಹೊರೆಗೆ ಮಾರುತ್ತ ಬಂದಿದ್ದಾರೆ. ಬಸ್ಸಿನ ನಿಲ್ದಾಣದ ಹಿಂದಣ ಓಣಿಯಲ್ಲಿ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದು ಚಿಕ್ಕದೊಂದು ಖಾನಾವಳಿಯನ್ನು ತೆರೆಯೋಣವೆಂಬುದು ಆ ತಾಯಿಯ ವಿಚಾರ.

“ಗುರುಗಳೇ, ನನಗ ಐವತ್ತೆರಡು ತುಂಬ್ಯಾವ್ರಿ. ಗಾದಿ ಮ್ಯಾಲೆ ಕುಂತು ಲೆಕ್ಕಾ ಬರದ ಕೈಲೆ, ಇನ್ನ ಅದೇ ಪ್ಯಾಟಿ ಮಂದಿ ತಾಟಿಗೆ ರೊಟ್ಟಿ ನೀಡಬೇಕ್ರಿ. ನೀವು ಹೇಳಿದ್ದೆಲ್ಲಾ ಖರೇ ಅದ. ಆದರ ಧೈರ್ಯ ಎಲ್ಲಿಂದ ತರಬೇಕ್ರಿ?”

“ಶಿವನು ದಾರಿ ತೋರಿಸುತ್ತಾನೆ, ತಾಳ್ಮೆಯಿರಲಿ” ಎಂದೆ. ಅವರು ಕೈಮುಗಿದು ಹೊರಟುಹೋದರು. ಮನೆಗೆ ನಡೆಯುವಾಗ ನನ್ನ ಉತ್ತರದ ಪೊಳ್ಳುತನ ನನಗೇ ಹೊಳೆಯಿತು. ಅವರು ಕೇಳಿದುದು ಧೈರ್ಯವನ್ನು. ನಾನು ಕೊಟ್ಟುದು ತಾಳ್ಮೆಯನ್ನು. ತಾಳ್ಮೆಯು ಅವರಲ್ಲಿ ನನಗಿಂತ ಹೆಚ್ಚಾಗಿಯೇ ಇದ್ದಿತು. ಆ ದಿನ ಕೊಡಲಾರದೆ ಹೋದ ಉತ್ತರದ ಋಣವೇ ಈ ಲೇಖನ. ಇಂಥ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡು ಬಾಯಿಬಿಡದೆ ಇರುವ ಗೃಹಸ್ಥರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ, ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಭಯದ ಸ್ವರೂಪವನ್ನು ವಿಚಾರಿಸೋಣ. ಮೂವತ್ತು ವರ್ಷ ದೊಡ್ಡ ಅಂಗಡಿಯ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆದವರಿಗೆ ಖಾನಾವಳಿಯ ಲೆಕ್ಕ ಭಾರವಾಗದು. ಅಡಿಗೆಯ ಹದವು ಪತ್ನಿಯ ಕೈಯಲ್ಲಿದೆ. ಆದುದರಿಂದ ಅವರ ಭಯವು ಅಸಾಮರ್ಥ್ಯದ ಭಯವಲ್ಲ. ಹಸಿವಿನ ಭಯವೂ ಅಲ್ಲ. ಸುಮ್ಮನೆ ಕುಳಿತರೆ ಹಸಿವು ಬರುವುದು ನಿಶ್ಚಯವೆಂದು ಅವರು ಬಲ್ಲರು. ಅವರು ಅಂಜುವುದು ಪೇಟೆಯ ಕಣ್ಣುಗಳಿಗೆ. ಆ ಕಣ್ಣುಗಳಲ್ಲಿ ಕಾಣಬರುವ ತಮ್ಮ ಹಳೆಯ ರೂಪಕ್ಕೆ. ಇಪ್ಪತ್ತರ ಹರೆಯದವನು ಒಂದು ಕೆಲಸವನ್ನು ಹಿಡಿಯುವಾಗ ಅವನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಐವತ್ತು ದಾಟಿದವನಿಗೆ ಒಂದು ಹೆಸರು ಬಂದಿರುತ್ತದೆ. ಆ ಹೆಸರಿಗೆ ಒಂದು ವೃತ್ತಿ ಅಂಟಿಕೊಂಡಿರುತ್ತದೆ. ನಮ್ಮ ಸೀಮೆಯ ಅಡ್ಡಹೆಸರುಗಳನ್ನೇ ನೋಡಿರಿ: ಅಂಗಡಿ, ಬಡಿಗೇರ, ಪತ್ತಾರ, ಗಾಣಿಗೇರ, ಕುಂಬಾರ. ಮಾಡುವ ಕೆಲಸವೇ ಮನುಷ್ಯನ ಹೆಸರಾಗಿ ನಿಂತಿರುವ ನಾಡಿನಲ್ಲಿ ಕೆಲಸ ಬದಲಾದರೆ ತಾನೇ ಬದಲಾಗಿ ಹೋದೆನೆಂದು ತೋರುವುದು ಸಹಜ. “ನಾನು ಇಂಥವನಾಗಿದ್ದೆ” ಎಂಬ ನೆನಪು, ಅಹಂಕಾರದ ಬೇರೆಲ್ಲ ರೂಪಗಳಿಗಿಂತ ಸೂಕ್ಷ್ಮವಾದ ಅಹಂಕಾರ. ಸಿರಿಯ ಸೊಕ್ಕು ಸಿರಿಯೊಡನೆ ಹೋಗುವುದು. ಕಳೆದುಹೋದ ಸ್ಥಾನದ ಸೊಕ್ಕು ಮಾತ್ರ ಸ್ಥಾನ ಹೋದ ಮೇಲೂ ಉಳಿದು ಕಾಡುತ್ತದೆ.

ಈ ಸೂಕ್ಷ್ಮಭಯಕ್ಕೆ ಶಾಸ್ತ್ರದ ಹೆಸರಿನ ಒಂದು ಆಶ್ರಯವೂ ದೊರೆಯುವುದುಂಟು. ವರ್ಣಾಶ್ರಮಧರ್ಮವನ್ನು ಹೇಳುವ ಮನುಸ್ಮೃತಿಯು, ಗೃಹಸ್ಥನಾದವನು ತನ್ನ ಮೈಯಲ್ಲಿ ಸುಕ್ಕನ್ನೂ ತಲೆಯಲ್ಲಿ ನರೆಯನ್ನೂ ಮನೆಯಲ್ಲಿ ಮೊಮ್ಮಗನನ್ನೂ ಕಂಡಾಗ ಅರಣ್ಯವನ್ನು ಸೇರಬೇಕೆಂದು ವಿಧಿಸಿದೆ. ನಮ್ಮಲ್ಲಿ ಇಂದು ಯಾರೂ ಅರಣ್ಯಕ್ಕೆ ಹೋಗುವುದಿಲ್ಲವಾದರೂ ಆ ವಿಧಿಯ ನೆರಳು ಮನಸ್ಸಿನ ಮೇಲೆ ಬಿದ್ದೇ ಇದೆ. “ಇನ್ನು ನಿಮಗೇಕೆ ಈ ಉಸಾಬರಿ? ಶಿವ ಶಿವಾ ಎಂದು ಕುಳಿತುಕೊಳ್ಳಬಾರದೇ?” ಎಂದು ನೆಂಟರಿಷ್ಟರು ಹೇಳುವುದಿಲ್ಲವೇ? ಕೇಳಲು ಇದು ಭಕ್ತಿಯ ಮಾತಿನಂತಿದೆ. ಆದರೆ ಶರಣಧರ್ಮದ ಮಾತಲ್ಲ. ಶರಣರು ಬಾಳನ್ನು ನಾಲ್ಕು ಆಶ್ರಮಗಳಾಗಿ ಸೀಳಲಿಲ್ಲ. ದುಡಿಯುವ ಕಾಲವೊಂದು, ಶಿವನನ್ನು ನೆನೆಯುವ ಕಾಲ ಮತ್ತೊಂದು ಎಂಬ ವಿಭಾಗವನ್ನು ಅವರು ಒಪ್ಪಲಿಲ್ಲ. ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಕಾಯದಿಂದ ಆಗುವಂಥದು ಕಾಯಕ. ಕಾಯವಿರುವನ್ನಬರ ಅದರ ಹೊಣೆಯೂ ಇದೆ. ಬಲವು ಕುಂದಿದಂತೆ ಕಾಯಕದ ರೂಪ ಬದಲಾಗಬಹುದು, ಅಳತೆ ಕುಗ್ಗಬಹುದು. ಆದರೆ ಐವತ್ತರಲ್ಲಿಯಾಗಲಿ ಅರವತ್ತರಲ್ಲಿಯಾಗಲಿ ಅದಕ್ಕೆ ಎಳೆದ ಗೆರೆಯೊಂದಿಲ್ಲ.

ಈ ಸಂದರ್ಭದಲ್ಲಿ ಮೋಳಿಗೆಯ ಮಾರಯ್ಯನವರ ಚರಿತ್ರೆಯು ನಮಗೆ ದಾರಿದೀಪವಾಗಿದೆ. ಇವರು ಪೂರ್ವದಲ್ಲಿ ಕಾಶ್ಮೀರದ ಅರಸರಾಗಿದ್ದರೆಂದೂ, ಕಲ್ಯಾಣದ ಶರಣರ ಕೀರ್ತಿಯನ್ನು ಕೇಳಿ, ಸಿಂಹಾಸನವನ್ನು ತೊರೆದು, ರಾಣಿಯಾದ ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದರೆಂದೂ ಪರಂಪರೆಯು ಹೇಳುತ್ತದೆ. ಅರಸನು ವಿರಕ್ತನಾಗಿ ರಾಜ್ಯವನ್ನು ಬಿಟ್ಟ ಕಥೆಗಳು ಭಾರತದೇಶದಲ್ಲಿ ವಿರಳವಲ್ಲ. ಬಿಟ್ಟವರು ಬಹುಮಟ್ಟಿಗೆ ಅರಣ್ಯವನ್ನು ಸೇರಿ ತಪಸ್ಸಿಗೆ ಕುಳಿತರು. ಮಾರಯ್ಯನವರೂ ಅರಣ್ಯಕ್ಕೆ ಹೋದರು. ಆದರೆ ಕಟ್ಟಿಗೆ ತರಲೆಂದು ಹೋದರು! ಕಡಿದ ಕಟ್ಟಿಗೆಯನ್ನು ಹೊರೆಕಟ್ಟಿ, ತಲೆಯ ಮೇಲೆ ಹೊತ್ತು, ಮತ್ತೆ ಊರಿಗೆ ಬಂದು ಮಾರಿದರು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಅದೇ ಅವರ ಹೆಸರಾಯಿತು. ಮನುವು ಹೇಳಿದ ಅರಣ್ಯಕ್ಕೆ ಹೋದವನು ಹಿಂದಿರುಗುವುದಿಲ್ಲ. ಶರಣನು ಹೋದ ಅರಣ್ಯಕ್ಕೆ ಸಂತೆಗೆ ಮರಳುವ ದಾರಿಯಿದೆ. ಕಿರೀಟವಿದ್ದ ತಲೆಯ ಮೇಲೆ ಕಟ್ಟಿಗೆಯ ಹೊರೆಯನ್ನಿಟ್ಟುಕೊಂಡು ಕಲ್ಯಾಣದ ಬೀದಿಯಲ್ಲಿ ನಡೆಯಲು ಎಷ್ಟು ಧೈರ್ಯ ಬೇಕಾಗಿದ್ದೀತು! ತಪಸ್ಸಿಗೆ ಕುಳಿತಿದ್ದರೆ ಜನರು ಅವರನ್ನು ರಾಜರ್ಷಿಯೆಂದು ಕೊಂಡಾಡುತ್ತಿದ್ದರು; ಹಳೆಯ ರಾಜತ್ವವು ಆ ಹೆಸರಿನೊಳಗೆ ಸುರಕ್ಷಿತವಾಗಿ ಉಳಿಯುತ್ತಿದ್ದಿತು. ಕಟ್ಟಿಗೆ ಕೊಳ್ಳುವವನಾದರೋ ಹೊರೆಯ ತೂಕವನ್ನು ನೋಡುವನಲ್ಲದೆ ಹೊತ್ತವನ ಪೂರ್ವಾಶ್ರಮವನ್ನು ನೋಡುವುದಿಲ್ಲ. ಆ ನಿರ್ಲಕ್ಷ್ಯವನ್ನು ಮಾರಯ್ಯನವರು ಪ್ರಸಾದವೆಂದು ಸ್ವೀಕರಿಸಿದರು.

ಅವರ ಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ಮಾರಯ್ಯನವರ ಮನೆಯ ಅಂಬಲಿಯ ರುಚಿಯನ್ನು ಜಂಗಮರು ಹೊಗಳಲು, ಬಸವಣ್ಣನವರು ಜಂಗಮವೇಷದಿಂದ ಅಲ್ಲಿಗೆ ಹೋಗಿ, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸೇವಿಸಿ, ದಂಪತಿಗಳ ಬಡತನಕ್ಕೆ ಮರುಗಿ, ಅವರಿಗೆ ತಿಳಿಯದಂತೆ ಹೊನ್ನಿನ ಗಂಟನ್ನು ಇಟ್ಟು ಬಂದರಂತೆ. ಮಾರಯ್ಯನವರು ಅದನ್ನು ತಮಗಾಗಿ ಇರಿಸಿಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟರು. ಬಸವಣ್ಣನವರಂಥ ಮಹಾತ್ಮರ ಕರುಣೆಯನ್ನೂ ಅವರು ಏಕೆ ಒಪ್ಪಲಿಲ್ಲ? ತಿಳಿಯದವರ ತಿರಸ್ಕಾರವು ಹೊಸ ಕಾಯಕಕ್ಕೆ ಒಂದು ಅಡ್ಡಿಯಾದರೆ, ಹಿತೈಷಿಗಳ ಮರುಕವು ಅದಕ್ಕಿಂತ ದೊಡ್ಡ ಅಡ್ಡಿ. “ಪಾಪ, ಹೇಗಿದ್ದವರು ಹೇಗಾದರು!” ಎಂಬ ಮಾತಿನಲ್ಲಿ ಪ್ರೀತಿಯಿದೆ, ಆದರೆ ಆ ಪ್ರೀತಿಯು ಹಿಡಿದ ಕಾಯಕವನ್ನು ಕೆಳಗಿನದೆಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಗೃಹಸ್ಥ ಬಂಧುಗಳೇ, ನಮ್ಮ ನೆರೆಯವನು ಮುಪ್ಪಿನ ಹೊಸ್ತಿಲಲ್ಲಿ ಹೊಸ ಕೆಲಸಕ್ಕೆ ಕೈಹಾಕಿದಾಗ ನಾವು ಮರುಗುವುದಕ್ಕೆ ಬದಲಾಗಿ ಅವನ ಗಿರಾಕಿಗಳಾದರೆ ಸಾಕು.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯವೇ ಆಗಿದೆ. “ಶರಣರು ಕಾಯಕನಿಷ್ಠೆಯನ್ನು ಬೋಧಿಸಿದರಲ್ಲವೇ? ಹಿಡಿದುದನ್ನು ಬಿಡುವುದು ನಿಷ್ಠೆಗೆ ಭಂಗವಲ್ಲವೇ?” ಎಂದು ಕೇಳಬಹುದು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮದಾಸೋಹ ನಡೆಸಿದವರು. ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗವು ಜಾರಿಬೀಳಲು, ಅದನ್ನು ಎತ್ತಿಕೊಳ್ಳುವುದಕ್ಕೂ ನಿಲ್ಲದೆ ಕಾಯಕವನ್ನು ಮುಂದುವರಿಸಿದರೆಂದು ಅವರ ಕಥೆ ಹೇಳುತ್ತದೆ. ಇದಕ್ಕಿಂತ ಮಿಗಿಲಾದ ನಿಷ್ಠೆಯನ್ನು ಕಾಣುವುದು ಕಷ್ಟ. ಆದರೆ ಆ ನಿಷ್ಠೆಯು ಯಾವುದಕ್ಕೆ ಸಂದುದು? ಹುಲ್ಲಿಗೇ? ಹಗ್ಗಕ್ಕೇ? ಅಲ್ಲ. ಸತ್ಯಶುದ್ಧವಾಗಿ ದುಡಿದು, ದುಡಿದುದನ್ನು ಹಂಚಿ ಉಣ್ಣಬೇಕೆಂಬ ನೇಮಕ್ಕೆ. ಕೆರೆ ಬತ್ತಿ ಹುಲ್ಲು ಬೆಳೆಯದೆ ಹೋಗಿದ್ದರೆ ಚಂದಯ್ಯನವರು ಕೈಕಟ್ಟಿ ಕುಳಿತಿರುತ್ತಿದ್ದರೆಂದು ಯಾರಾದರೂ ನಂಬುವರೇ? ಅಂಗಡಿಯ ಬಾಗಿಲು ಮುಚ್ಚಿದಾಗ ಗುಮಾಸ್ತಿಕೆ ಮುಚ್ಚಿತು. ಕಾಯಕದ ನೇಮ ಮುಚ್ಚಲಿಲ್ಲ. ಹಳೆಯ ವೃತ್ತಿಯ ನೆನಪಿಗೆ ಜೋತುಬಿದ್ದು ಸುಮ್ಮನಿರುವುದೇ ನಿಜವಾದ ನೇಮಭಂಗ.

ಹಾಗೆಂದ ಮಾತ್ರಕ್ಕೆ ವೃತ್ತಿಯನ್ನು ಬದಲಿಸುವುದೆಲ್ಲವೂ ಧೈರ್ಯವೆನಿಸದು. ಕೈಯಲ್ಲಿರುವ ಸತ್ಯವಾದ ಕೆಲಸವನ್ನು ಬೇಸರದಿಂದಲೋ ಅತಿಯಾಸೆಯಿಂದಲೋ ಬಿಟ್ಟು, ನೆರೆಯವನು ದಿಢೀರನೆ ಸಿರಿವಂತನಾದನೆಂದು ತಾನೂ ಅದೇ ವ್ಯವಹಾರಕ್ಕೆ ಹಾರುವವರುಂಟು. ಇದನ್ನು ಒರೆಗೆ ಹಚ್ಚಿ ನೋಡಲು ಆಯ್ದಕ್ಕಿ ಲಕ್ಕಮ್ಮನವರ ಮಾತೇ ಒರೆಗಲ್ಲು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಆ ತಾಯಿಯು ಹಿಗ್ಗಲಿಲ್ಲ. ಮಿಕ್ಕುದನ್ನು ಎಲ್ಲಿಂದ ತಂದರೋ ಅಲ್ಲಿಯೇ ಹಾಕಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದರು. ಇನ್ನೊಮ್ಮೆ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಕಾಯಕವು ನಿಂತುಹೋದುದನ್ನು ಅವರಿಗೆ ನೆನಪಿಸಿದವರೂ ಲಕ್ಕಮ್ಮನವರೇ. ಹೆಚ್ಚನ್ನು ತಂದಾಗ ಹಿಂದಕ್ಕೆ ಕಳುಹಿದ ಕೈಯೇ ಸುಮ್ಮನೆ ಕುಳಿತಾಗ ಮುಂದಕ್ಕೆ ನೂಕಿತು. ಹೊಸ ಕಾಯಕಕ್ಕೆ ಹೊರಟವನು ಈ ಎರಡನ್ನೂ ಕೂಡಿಯೇ ನೆನೆಯಬೇಕು. ನನ್ನನ್ನು ಎಬ್ಬಿಸುತ್ತಿರುವುದು ಅಗತ್ಯವೋ ಆಸೆಯೋ? ನನ್ನನ್ನು ಕೂರಿಸುತ್ತಿರುವುದು ತೃಪ್ತಿಯೋ ಅಂಜಿಕೆಯೋ? ಈ ಪ್ರಶ್ನೆಗಳಿಗೆ ನಾವು ನಮಗೆ ಹೇಳಿಕೊಳ್ಳುವ ಉತ್ತರಕ್ಕಿಂತ ಮನೆಯಾಕೆಯ ಉತ್ತರವೇ ಬಹುಶಃ ಹೆಚ್ಚು ಸತ್ಯವಾಗಿರುತ್ತದೆ. ಶರಣಸತಿಯರು ಗಂಡಂದಿರ ಕಾಯಕಕ್ಕೆ ಕಾವಲಾಗಿದ್ದರು. ನಮ್ಮ ಗುಮಾಸ್ತರ ಮನೆಯಲ್ಲಿಯೂ ಖಾನಾವಳಿಯ ಮಾತು ಮೊದಲು ಯಾರ ಬಾಯಿಂದ ಬಂದಿತೆಂಬುದನ್ನು ವಾಚಕರು ಮರೆತಿರಲಾರರು.

ಹೊಸ ಕಾಯಕದಲ್ಲಿ ಇನ್ನೊಂದು ಕಠಿನವಾದ ಹೆಜ್ಜೆಯಿದೆ. ಐವತ್ತರವನು ಇಪ್ಪತ್ತೈದರವನ ಮುಂದೆ ಕುಳಿತು ಕಲಿಯಬೇಕಾಗುತ್ತದೆ. ಮೂವತ್ತು ವರ್ಷ ಇತರರಿಗೆ ತಿದ್ದಿ ಹೇಳಿದವನು ತಾನೇ ತಿದ್ದಿಸಿಕೊಳ್ಳಬೇಕಾಗುತ್ತದೆ. ಇದು ಎಷ್ಟು ಕಷ್ಟವೆಂಬುದನ್ನು ಉಪಾಧ್ಯಾಯವೃತ್ತಿಯವನಾದ ನಾನು ಚೆನ್ನಾಗಿ ಬಲ್ಲೆ. ಶಾಲೆಯ ಗಣಕಯಂತ್ರದಲ್ಲಿ ಹಾಜರಿ ತುಂಬುವುದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದಲೇ ಕಲಿಯಬೇಕಾಗಿ ಬಂದಾಗ ನಾನು ಎರಡು ವಾರ ನೆಪ ಹೇಳಿ ತಪ್ಪಿಸಿಕೊಂಡವನು. ಆದರೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೋಡಿರಿ. ಕೆರೆಯನ್ನು ಕಟ್ಟಿಸಿ, ದೇಗುಲಗಳನ್ನು ನಿಲ್ಲಿಸಿ, ದೊಡ್ಡ ಶಿಷ್ಯಸಮೂಹವನ್ನು ಪಡೆದು ನಾಡಿನಲ್ಲೆಲ್ಲ ಹೆಸರಾಗಿದ್ದ ಕರ್ಮಯೋಗಿಗಳು ಅವರು. ಅಲ್ಲಮಪ್ರಭುಗಳ ಮಾತಿನಿಂದ ಎಚ್ಚೆತ್ತು ಕಲ್ಯಾಣಕ್ಕೆ ಬಂದು, ಎಳೆಯ ವಯಸ್ಸಿನ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಗುರುವಾಗಿದ್ದವರು ಶಿಷ್ಯರಾದರು. ಅದರಿಂದ ಅವರ ಹಿರಿಮೆಯು ಕುಗ್ಗಲಿಲ್ಲ. ಅನುಭವಮಂಟಪದ ಹಿರಿಯರ ಸಾಲಿನಲ್ಲಿಯೇ ಅವರು ಇಂದಿಗೂ ನಮಗೆ ಪೂಜ್ಯರಾಗಿದ್ದಾರೆ. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ನಾವು ನಿತ್ಯವೂ ಹೆಸರಿಸುತ್ತೇವೆ. ಶಿವಭಕ್ತರಿಗಿಂತ ತಾನು ಕಿರಿಯನೆಂದು ನಡೆದುಕೊಳ್ಳುವುದೇ ಭೃತ್ಯಾಚಾರ. ಕಿರಿಯನಿಂದ ಕಲಿಯಲು ನಾಚುವವನು ಭೃತ್ಯಾಚಾರವನ್ನು ಪಠಿಸುತ್ತಾನೆ, ಆಚರಿಸುವುದಿಲ್ಲ.

ಇವೆಲ್ಲ ಹನ್ನೆರಡನೆಯ ಶತಮಾನದ ಮಾತು, ನಮ್ಮ ಕಾಲಕ್ಕೆ ಸಲ್ಲದೆಂದು ಯಾರೂ ಭಾವಿಸಬಾರದು. ಇಂದು ನಮ್ಮ ಕೈಯಲ್ಲಿ ವಚನಗಳ ಪುಸ್ತಕಗಳಿರುವುದೇ ಇಂಥ ಒಬ್ಬ ಗೃಹಸ್ಥರ ನಡುವಯಸ್ಸಿನ ಧೈರ್ಯದಿಂದ. ಪೂಜ್ಯ ಫ. ಗು. ಹಳಕಟ್ಟಿಯವರು 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಈಗ ವಿಜಯಪುರವೆನಿಸಿರುವ ಬಿಜಾಪುರದಲ್ಲಿ ವಕೀಲರಾಗಿ ಹೆಸರು ಪಡೆದವರು. ಮನೆಮನೆಗಳನ್ನು ತಿರುಗಿ ಓಲೆಗರಿಗಳನ್ನು ಕೂಡಿಹಾಕಿ ಅವರು ಸಂಪಾದಿಸಿದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು 1923ರಲ್ಲಿ ಬೆಳಕು ಕಂಡಾಗ ಅವರಿಗೆ ವಯಸ್ಸು ನಲವತ್ತಮೂರರ ಸುಮಾರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಮ್ಮ ಸ್ವಂತ ಮನೆಯನ್ನು ಮಾರಿ ಅಚ್ಚಿನ ಯಂತ್ರವನ್ನು ಕೊಂಡರೆಂಬುದು ನಾಡಿನಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ನ್ಯಾಯಾಲಯದಲ್ಲಿ ವಾದಿಸುತ್ತಿದ್ದವರು ಅಚ್ಚಿನ ಕರಡು ತಿದ್ದುವ ಕೆಲಸಕ್ಕೆ ಕುಳಿತರು. 1964ರಲ್ಲಿ ಲಿಂಗೈಕ್ಯರಾಗುವ ತನಕ, ಎಂಬತ್ತಮೂರು ವರ್ಷಗಳ ಬಾಳಿನ ಉತ್ತರಾರ್ಧವು ಈ ಎರಡನೆಯ ಕಾಯಕಕ್ಕೇ ಮೀಸಲಾಯಿತು. ವಕೀಲಿಯ ವೃತ್ತಿಯಿಂದ ಅವರಿಗೆ ಬಂದ ಹೆಸರನ್ನು ಇಂದು ಎಷ್ಟು ಜನ ಬಲ್ಲರು? ವಚನಪಿತಾಮಹರೆಂಬ ಹೆಸರನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಹಳಕಟ್ಟಿಯವರು ಮನೆ ಮಾರಿದರೆಂದು ಎಲ್ಲ ಗೃಹಸ್ಥರೂ ಮನೆ ಮಾರಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದು ಆ ಮಹನೀಯರ ತ್ಯಾಗ. ಅದರ ಅನುಕರಣೆಯನ್ನು ಯಾರಿಂದಲೂ ಬೇಡಬಾರದು. ಧೈರ್ಯ ಬೇರೆ, ಸಾಹಸ ಬೇರೆ. ಕನ್ನಡದಲ್ಲಿ ನಾವು ಎರಡನ್ನೂ ಹೊಗಳಿಕೆಯ ಮಾತುಗಳಾಗಿ ಬಳಸುತ್ತೇವೆ. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ. ಧೈರ್ಯವಾದರೋ ಧೀರನ ಗುಣ. ಧೀರ ಶಬ್ದವನ್ನು ಬುದ್ಧಿಯೆಂಬ ಅರ್ಥದ ‘ಧೀ’ ಎಂಬುದಕ್ಕೆ ಹೊಂದಿಸಿ ಹೇಳುವುದು ಪಂಡಿತರ ವಾಡಿಕೆ. ಬುದ್ಧಿಯಿದ್ದಲ್ಲಿ ಧೈರ್ಯ. ಆದುದರಿಂದ ಮಕ್ಕಳ ಓದಿನ ಹಣವನ್ನೂ ಇದ್ದ ಒಂದು ತುಂಡು ಹೊಲವನ್ನೂ ಒತ್ತೆಯಿಟ್ಟು ದೊಡ್ಡದಾಗಿ ಆರಂಭಿಸುವುದು ಸಾಹಸ. ಹತ್ತು ತಾಟು, ಒಂದು ಒಲೆ, ಒಂದು ಚೀಲ ಜೋಳದಿಂದ ಆರಂಭಿಸಿ, ಆಹಾರ ಸುರಕ್ಷತೆಯ ನೋಂದಣಿಯನ್ನು ಕ್ರಮವಾಗಿ ಮಾಡಿಸಿ, ಮೂರು ತಿಂಗಳ ಬಾಡಿಗೆಯನ್ನು ಮೊದಲೇ ತೆಗೆದಿಟ್ಟು, ಮನೆಯವರೆಲ್ಲರ ಸಮ್ಮತಿಯಿಂದ ಬಾಗಿಲು ತೆರೆಯುವುದು ಧೈರ್ಯ. ಶರಣರ ಕಾಯಕಗಳೆಲ್ಲವೂ ಕೈಯಳತೆಯವಾಗಿದ್ದುವು. ಒಂದು ಹೊರೆ ಕಟ್ಟಿಗೆ, ಒಂದು ಕಟ್ಟು ಹುಲ್ಲು, ಒಂದು ಮಡಿಲು ಅಕ್ಕಿ. ನಾಳೆ ಬೆಳಿಗ್ಗೆ ಮಾಡಬಹುದಾದಷ್ಟನ್ನೇ ಅವರು ಹಿಡಿದರು. ಆದುದರಿಂದಲೇ ಅವರಿಗೆ ಅದನ್ನು ಹಿಡಿಯುವ ಧೈರ್ಯ ಬಂದಿತು.

ಇಷ್ಟನ್ನು ಹೇಳಿದ ಮೇಲೆ ಆ ಭಕ್ತರ ಪ್ರಶ್ನೆಗೆ ನೇರವಾಗಿ ಬರಬೇಕು. ಧೈರ್ಯವನ್ನು ಎಲ್ಲಿಂದ ತರುವುದು? ಅದನ್ನು ಹೊರಗಿನಿಂದ ತರಬೇಕಾಗಿಯೇ ಇಲ್ಲವೆಂದು ನನಗೆ ತೋರುತ್ತದೆ. “ನಾನು ಇಂಥವನಾಗಿದ್ದೆ” ಎಂಬ ಹಳೆಯ ಗಂಟನ್ನು ಹೊತ್ತುಕೊಂಡೇ ಹೊಸ ಹೊರೆಯನ್ನೂ ಹೊರಲು ಹೋಗುವವನಿಗೆ ಎಷ್ಟು ಧೈರ್ಯವಿದ್ದರೂ ಸಾಲದು. ಗಂಟನ್ನು ಇಳಿಸಿದವನಿಗೆ ಇರುವಷ್ಟೇ ಸಾಕಾಗುತ್ತದೆ. ಭಕ್ತನು ಪ್ರತಿದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಪೂಜಿಸುವಾಗ ಆ ಕೈ ಯಾವ ಕೆಲಸ ಮಾಡಿದ ಕೈಯೆಂದು ಲಿಂಗವು ಕೇಳುವುದುಂಟೇ? ಲೆಕ್ಕ ಬರೆದ ಕೈಗೂ ರೊಟ್ಟಿ ನೀಡಿದ ಕೈಗೂ ಅಲ್ಲಿ ಭೇದವಿಲ್ಲ. ಆ ಹೊತ್ತಿನಲ್ಲಿ ಇಲ್ಲದ ನಾಚಿಕೆಯನ್ನು ಪೇಟೆಯ ಹೊತ್ತಿನಲ್ಲಿ ನಾವೇ ಹೊದ್ದುಕೊಳ್ಳುತ್ತೇವೆ.

ಮೊನ್ನೆಯ ಅಮಾವಾಸ್ಯೆಗೆ ಅವರು ಗೋಷ್ಠಿಗೆ ತಡವಾಗಿ ಬಂದರು. ಖಾನಾವಳಿಯ ಬಾಗಿಲು ಹಾಕಿಕೊಂಡು ಬರುವುದು ತಡವಾಯಿತಂತೆ. ನನ್ನ ಉತ್ತರಕ್ಕೆ ಅವರು ಕಾದಿರಲಿಲ್ಲ; ಪತ್ನಿಯ ಮಾತಿಗೆ ಓಗೊಟ್ಟಿದ್ದರು. ಮೊದಲ ದಿನ ಉಂಡವರು ಏಳೇ ಮಂದಿ. ಅವರಲ್ಲಿ ಒಬ್ಬರು, ಮೂವತ್ತು ವರ್ಷ ಇವರ ಗಾದಿಯ ಎದುರು ಕುಳಿತು ಬಾಕಿಯ ಲೆಕ್ಕ ಕೇಳಿಕೊಂಡು ಹೋಗುತ್ತಿದ್ದ ವ್ಯಾಪಾರಿಗಳು. ಯಾರ ಕಣ್ಣಿಗೆ ಇವರು ಎಲ್ಲರಿಗಿಂತ ಹೆಚ್ಚು ಅಂಜಿದ್ದರೋ ಅವರೇ.

“ಏನಂದರು?” ಎಂದು ಕೇಳಿದೆ.

“ಏನೂ ಅನ್ನಲಿಲ್ರಿ. ಇನ್ನೊಂದು ರೊಟ್ಟಿ ಕೇಳಿದ್ರು. ನೀಡಿದೆ.”

ಬಾಡಿಗೆ ತೆತ್ತು ಉಳಿಯುವುದು ಇನ್ನೂ ಅಷ್ಟಕ್ಕಷ್ಟೇ. ಮುಂದೆ ಹೇಗಾಗುವುದೆಂದು ಅವರೂ ಅರಿಯರು. ಆದರೆ ಅಂದು ಕಂಬದ ಬಳಿ ನಿಂತಿದ್ದಾಗ ಬಾಗಿದ್ದ ತಲೆ ಈಗ ನೆಟ್ಟಗಿದ್ದಿತು. ಗೋಷ್ಠಿಯ ಪ್ರಸಾದದ ವೇಳೆಗೆ ಅವರು ಯಾರೂ ಹೇಳದೆಯೇ ಎದ್ದು, ರೊಟ್ಟಿಯ ಬುಟ್ಟಿಯನ್ನು ಹಿಡಿದು ಪಂಕ್ತಿಯಲ್ಲಿ ನಡೆದರು. ನನ್ನ ತಾಟಿಗೂ ನೀಡಿದರು. ಕಾಯಕತತ್ತ್ವವನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದ್ದ ನಾನು ಅಂದು ಸುಮ್ಮನೆ ತಲೆಬಾಗಿಸಿ ಉಂಡೆ.